ಮುನಿದು ಕೂತ ಸೋಡಿಯಂ

ಸೀಮೆಎಣ್ಣೆಯ ವಾಸನೆ ಎಂದರೆ ಅವಳಿಗೆ ಶಾಲೆಯ ಪ್ರಯೋಗಾಲಯದ ನೆನಪು. ಮೇಡಂ ಎಣ್ಣೆಯ ಸೀಸೆಯಿಂದ ಸೋಡಿಯಂನ ಕಾಳಿನಷ್ಟು ಚೂರು ತೆಗೆದು ನೀರಿಗೆ ಹಾಕಿದ್ದರು. ಅದು ಸುಯ್ಯೆಂದು ಓಡಾಡಿ ಭಗ್ಗನೆ ಹೊತ್ತಿಕೊಂಡಾಗ, ಹಿಂದಿನ ಬೆಂಚಿಗೆ ಓಡದೆ ನಿಂತವಳು ಇವಳೊಬ್ಬಳೇ.

ಎಂಜಿನಿಯರಾದ ಮೇಲೆ ಬಹಳ ವರ್ಷ ನೀರಿನಿಂದ ತಂಪಾಗುವ ಅಣು ರಿಯಾಕ್ಟರಿನಲ್ಲಿ ದುಡಿದಳು. ಈಗ ಸೋಡಿಯಂ ಪರೀಕ್ಷಾ ಘಟಕಕ್ಕೆ ಬಂದಿದ್ದಾಳೆ. ಇಲ್ಲಿ ಅಣು ಇಂಧನವಿಲ್ಲ, ನೀರಿನ ಬದಲು ಶಾಖ ಹೊರಬೇಕಾದ ಕರಗಿದ ಸೋಡಿಯಂ ಕೊಳವೆಗಳಲ್ಲಿ ಹೇಗೆ ಹರಿಯುತ್ತದೆಂದು ನೋಡುವುದಷ್ಟೇ. ಇಲ್ಲಿಯವರು ಅವಳಿಗೆ ‘ನೀರಕ್ಕ’ ಎಂದು ಹೆಸರಿಟ್ಟರು.

ನೀರಕ್ಕ ಎಡವಿದ್ದು ಹಳೆಯ ಅಭ್ಯಾಸದಿಂದ. ನಿನ್ನೆ ಪಂಪು ನಿಲ್ಲಿಸಿ, ಜೊತೆಗೇ ಒಂದು ಕೊಳವೆಗೆ ಉದ್ದಕ್ಕೂ ಸುತ್ತಿದ್ದ ಹೀಟರುಗಳನ್ನೂ ಆರಿಸಿ ಮನೆಗೆ ಹೋದಳು. ನೀರಾಗಿದ್ದರೆ ತೆಪ್ಪಗೆ ಬಿದ್ದಿರುತ್ತಿತ್ತು. ಸೋಡಿಯಂ ಹಾಗಲ್ಲ, ಹೆಚ್ಚುಕಡಿಮೆ ನೀರು ಕುದಿಯುವಷ್ಟು ಬಿಸಿಯಲ್ಲೇ ಅದು ಗಟ್ಟಿಯಾಗತೊಡಗುತ್ತದೆ. ಬೆಳಿಗ್ಗೆ ನೋಡಿದರೆ ಕೊಳವೆಯುದ್ದಕ್ಕೂ ಬೆಣ್ಣೆಯ ಹಾಗೆ ಕಟ್ಟಿಕೊಂಡಿತ್ತು.

"ಹೊಸ ಅಳಿಯ ಇದ್ದ ಹಾಗಮ್ಮ ಇದು," ಎಂದರು ಹಿರಿಯ ತಂತ್ರಜ್ಞರು. ಎಲ್ಲರಿಗೂ ಅವರು ‘ಮಾವ’. "ಉಪಚಾರ ಸ್ವಲ್ಪ ಕಮ್ಮಿ ಆದ್ರೂ ಮುಖ ಬಿಗ್ಕೊಂಡು ಕೂತ್ಬಿಡುತ್ತೆ. ನಾನು ಮೊದಲಿದ್ದ ಕಡೆ ರಿಯಾಕ್ಟರನ್ನ ಗ್ಯಾಸಿನಿಂದ ತಂಪು ಮಾಡ್ತಿದ್ವಿ. ಅದು ಕಟ್ಟಲ್ಲ, ಕುದಿಯಲ್ಲ. ಶಾಖ ಹೊರೋಕೆ ಮಾತ್ರ ಮೈಗಳ್ಳ, ಊದಿ ಊದಿ ತಳ್ಳಬೇಕು."

"ನಮ್ಮ ನೀರು ಚೆನ್ನಾಗಿ ಹೊರುತ್ತೆ ಮಾವ. ಕುದಿಯದ ಹಾಗೆ ಒತ್ತಡದಲ್ಲಿ ಅದುಮಿ ಇಟ್ಟಿರಬೇಕು."

"ಇದಕ್ಕೆ ಆ ಒತ್ತಡ ಬೇಡ. ಶಾಖ ಹೊರೋದ್ರಲ್ಲಿ ಇಬ್ಬರಿಗೂ ಅಪ್ಪ. ಮುನಿಸು ಜಾಸ್ತಿ, ಅಷ್ಟೇ."

ಅಷ್ಟರಲ್ಲಿ ಮ್ಯಾನೇಜರು ಬಂದರು. "ಸಂಜೆಯೊಳಗೆ ಪರೀಕ್ಷೆ ಶುರು ಆಗ್ಬೇಕು. ಎಲ್ಲ ಹೀಟರೂ ಹಾಕಿ, ಒಟ್ಟಿಗೆ ಕರಗಲಿ."

"ಆಗಲ್ಲ ಸರ್," ಎಂದಳು ನೀರಕ್ಕ. "ಕರಗಿದ ಸೋಡಿಯಂ ಹಿಗ್ಗುತ್ತೆ. ನಡುವೆ ಮೊದಲು ಕರಗಿ ಎರಡೂ ಕಡೆ ಗಟ್ಟಿ ಇದ್ರೆ ಕೊಳವೆ ಸೀಳುತ್ತೆ. ಕೊಳವೆ ಸೇರೋ ತೊಟ್ಟಿಯಲ್ಲಿ ಹಿಗ್ಗೋಕೆ ಖಾಲಿ ಜಾಗ ಇದೆ. ಆ ತುದಿಯಿಂದ ಒಂದೊಂದೇ ಹೀಟರ್ ಹಾಕ್ತಾ ಬರ್ತೀನಿ."

"ತಪ್ಪು ಮಾಡಿದ್ದೂ ನೀವೇ, ಪಾಠ ಹೇಳೋದೂ ನೀವೇನಾ? ಪರೀಕ್ಷೆ ತಪ್ಪಿದ್ರೆ ವಾಪಸ್ ನೀರಿಗೇ ಕಳಿಸ್ತೀನಿ."

"ಕಳಿಸಿ ಸರ್. ಕೊಳವೆ ಉಳಿಸಿಕೊಟ್ಟೇ ಹೋಗ್ತೀನಿ."

ಮ್ಯಾನೇಜರು ಮಾವನ ಮುಖ ನೋಡಿದರು. ಮಾವ ತೊಟ್ಟಿಯ ಕಡೆಯ ಹೀಟರಿನ ಮುಂದೆ ಅವಳಿಗೊಂದು ಕುರ್ಚಿ ಎಳೆದು ಹಾಕುತ್ತಿದ್ದರು.

ಮಧ್ಯಾಹ್ನದವರೆಗೆ ಎಲ್ಲ ಸರಾಗವಾಗಿ ನಡೆಯಿತು. ಕೊಳವೆಯ ವಾಲ್ವಿನ ಬಳಿ ಬಂದಾಗ ತಾಪಮಾಪಕದ ಮುಳ್ಳು ನಿಂತೇಬಿಟ್ಟಿತು. ಅಲ್ಲಿನ ದಪ್ಪ ಲೋಹ ಶಾಖವನ್ನೆಲ್ಲ ನುಂಗುತ್ತಿತ್ತು. ಮುಂದಿನ ಹೀಟರನ್ನೂ ಹಾಕಿಬಿಡುವ ಆಸೆ ಬೆರಳ ತುದಿಗೆ ಬಂತು. ಕೈಕಟ್ಟಿ ಕೂತಳು. ಬೆವರು ಕಣ್ಣಿಗಿಳಿಯಿತು. ಯಾರೋ ಫ್ಯಾನನ್ನು ಅವಳತ್ತ ತಿರುಗಿಸಿ ಹೋದರು. ಮ್ಯಾನೇಜರು ಮತ್ತೆ ಬಂದು ಗಡಿಯಾರ ನೋಡಿದರು. ಅವಳು ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಕೂದಲೆಳೆಯಷ್ಟು ಅಲುಗಿತು, ಆಮೇಲೆ ಏರಿತು.

ಕೊನೆಯ ತುದಿ ಕರಗುವಷ್ಟರಲ್ಲಿ ಸಂಜೆ ಕಳೆದಿತ್ತು. ಕೊಳವೆಯಲ್ಲಿ ಎಲ್ಲೂ ಬಿರುಕಿಲ್ಲ, ಸೋರಿಕೆಯಿಲ್ಲ. ಮ್ಯಾನೇಜರು ಟಾರ್ಚು ಹಿಡಿದು ಉದ್ದಕ್ಕೂ ನೋಡಿಕೊಂಡು ಬಂದು, "ಪರೀಕ್ಷೆ ನಾಳೆ ಬೆಳಿಗ್ಗೆ," ಎಂದರು. ಬಾಗಿಲ ಬಳಿ ತಡೆದು, "ಪಂಪು ನೀವೇ ಹಾಕಿ," ಎಂದು ಸೇರಿಸಿದರು.

ಸೋಡಿಯಂ ಮತ್ತೆ ಕಟ್ಟದ ಹಾಗೆ ಇನ್ನು ರಾತ್ರಿಯಿಡೀ ಹೀಟರುಗಳನ್ನು ಕಾಯುತ್ತಲೇ ಇರಬೇಕು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಹೋದಳು. ಮಾವ ಅದರಲ್ಲಿ ತಾವೇ ಕೂತು, ಕಣ್ಣನ್ನು ಮಾಪಕದ ಮೇಲಿಟ್ಟು, ಬಿಸಿ ಮಾಡಿ ತಂದಿದ್ದ ತಮ್ಮ ಊಟದ ಡಬ್ಬಿಯನ್ನು ಅವಳ ಕೈಗಿಟ್ಟರು.