ಅಳತೆ ಪುಸ್ತಕದ ಹಾಳೆ

"ಲೇ, ಬೇಕರಿಯವರ ಮಗಳು ಸ್ಕೂಲೇ ಬಿಡ್ತಾಳಂತೆ ಕಣೇ! ಅವರಪ್ಪ ಟಿ.ಸಿ. ಕೇಳೋಕೆ ಬಂದಿದ್ರು, ನಾನೇ ಕಣ್ಣಾರೆ ನೋಡ್ದೆ!"

ಗೆಳತಿ ಏದುಸಿರು ಬಿಡುತ್ತಾ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಧೊಪ್ಪನೆ ಕೂತಳು. ಗುಂಡಿ ಹೊಲಿಯುತ್ತಿದ್ದ ಟೈಲರಮ್ಮನ ಮಗಳ ಬೆರಳಿಗೆ ಸೂಜಿ ಚುಚ್ಚಿತು.

"ಎಲ್ಲಾ ನಿನ್ನ ಫೋಟೋದಿಂದ," ಗೆಳತಿ ಅಂದಳು.

"ನಾನು ಹಾಕಿದ್ದು ಒಂದೇ ಫೋಟೋ. ಸ್ಟಿಕರ್ ಮಾಡಿ ಹಂಚಿದ್ದು ನೀವು."

ಗೆಳತಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದಳು.

ಆ ಅಂಗಡಿಯಲ್ಲಿ ಅಳತೆಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅಮ್ಮ ಟೇಪು ಹಿಡಿದು ಮಗಳ ಕಿವಿಯಲ್ಲಿ ಉಸುರುತ್ತಾಳೆ, ಮಗಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಬೆಂಚಿನ ಮೇಲೆ ಕಾಯುವವರಿಗೂ ಕೇಳಿಸಬಾರದು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮಗಳು ಏನು ಹಾಕಿದರೂ ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಒಂದು ಸಂಜೆ ಆ ಪುಸ್ತಕದ ಹಾಳೆಯ ಫೋಟೋ ಹಾಕಿದಳು: ಬೇಕರಿಯವರ ಮಗಳು, ಸೊಂಟ ನಲವತ್ತು. ನಿಮಿಷದಲ್ಲಿ ಮೂವತ್ತೊಂದು ನಗುವ ಮುಖಗಳು ಬಂದವು. ಊಟಕ್ಕೆ ಕರೆಯುವವರೆಗೂ ಅವನ್ನೇ ಎಣಿಸಿದಳು.

ಮರುದಿನ ಹೆದರಿ ಅಳಿಸಿದಳು. ಆದರೆ ನಲವತ್ತು ಉಳಿಯಿತು. ಕ್ಲಾಸಿನ ಬೆಂಚಿನ ಮೇಲೆ, ಸ್ಟಿಕರಿನಲ್ಲಿ; ಗಣಿತದ ಮೇಷ್ಟ್ರು ಲೆಕ್ಕದ ನಡುವೆ ನಲವತ್ತು ಅಂದರೂ ಕ್ಲಾಸು ಗೊಳ್ಳೆನ್ನುತ್ತಿತ್ತು.

"ಅಮ್ಮಾ..." ಮಗಳು ಒಳಗೆ ಹೋದಳು. "ಒಂದು ಅಳತೆ ಆಚೆ ಹೋಗಿದೆ. ನಾನೇ ಕಳಿಸ್ದೆ."

ಎಲ್ಲ ಕೇಳಿದ ಮೇಲೆ ಅಮ್ಮನ ಮಷೀನು ನಿಂತಿತು. ಬಯ್ಯಲಿಲ್ಲ. ಎದ್ದು, ಎರಡು ವಾರದಿಂದ ಮೊಳೆಗೆ ತೂಗುತ್ತಿದ್ದ ಯೂನಿಫಾರ್ಮನ್ನು ತೆಗೆದಳು.

"ಅದಕ್ಕಾ ಆ ಮಗು ಬಟ್ಟೆ ತಗೊಳ್ಳೋಕೆ ಬರ್ಲಿಲ್ಲ? ನನ್ನ ಹೊಲಿಗೆ ಸರಿಯಿಲ್ವೇನೋ ಅಂದ್ಕೊಂಡಿದ್ದೆ." ಯೂನಿಫಾರ್ಮಿನ ಧೂಳು ಕೊಡವುತ್ತಾ ಅಂದಳು, "ಫೋನ್ ಮಾಡು. ಮೆಸೇಜ್ ಗಿಸೇಜ್ ಬೇಡ. ಬಾಯಿ ಬಿಟ್ಟು ಹೇಳು."

ನಾಲ್ಕನೇ ರಿಂಗಿಗೆ ಬೇಕರಿಯವರ ಮಗಳೇ ಎತ್ತಿದಳು.

"ಆ ಫೋಟೋ... ಹಾಕಿದ್ದು ನಾನು."

"ಗೊತ್ತು. ನಾನು ಗ್ರೂಪಲ್ಲಿ ಇಲ್ದಿದ್ರೇನು, ಸ್ಟಿಕರಲ್ಲಿ ನಿನ್ನ ಅಕ್ಷರ ನಂಗೆ ಗೊತ್ತಾಗಲ್ವಾ?"

"ಮತ್ತೆ ಮೇಷ್ಟ್ರಿಗೋ ನಮ್ಮಮ್ಮನಿಗೋ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

"ನಾಳೆ ನಿಮ್ಮನೆಗೆ ಬರ್ಲಾ?"

"ಮನೇಲಿ ಯಾರೂ ನಕ್ಕಿಲ್ಲ. ನಾಳೆ ಟಿ.ಸಿ.ಗೆ ಅಪ್ಪನ ಜೊತೆ ನಾನೂ ಬರ್ತಿದೀನಿ. ಎಂಟೂವರೆಗೆ, ಸ್ಕೂಲ್ ಗೇಟ್ ಹತ್ರ. ಎಲ್ಲರೂ ಇರ್ತಾರಲ್ಲ, ಅಲ್ಲಿ ಹೇಳು. ಆಮೇಲೆ ನೋಡೋಣ."

ಫೋನ್ ಇಟ್ಟಾಗ ಬಾಗಿಲಲ್ಲಿ ಗೆಳತಿ ನಿಂತಿದ್ದಳು. "ನಾನೂ ಬರ್ತೀನಿ ಕಣೇ. ಮೊದಲನೇ ಸ್ಟಿಕರ್ ನಂದೇ."

"ಎಷ್ಟೊತ್ತಿಗಂತೆ?" ಅಮ್ಮ ಕೇಳಿದಳು.

"ನಾಳೆ ಎಂಟೂವರೆಗೆ."

ಅಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕಿ, ಆ ಯೂನಿಫಾರ್ಮನ್ನು ಮೇಜಿನ ಮೇಲೆ ಹರಡಿದಳು.