ಎತ್ತು ನೀರು ಕುಡಿದ ಮೇಲೆ

ನಾನು ಬಡಿಸಿದ್ದನ್ನು ತಟ್ಟೆಯಲ್ಲಿ ಬಿಟ್ಟು ಎದ್ದವರು ಚಳ್ಳಕೆರೆಯಲ್ಲಿ ಯಾರೂ ಇಲ್ಲ. ಜಂಬ ಅಂದರೆ ಅನ್ನಿ, ಇರುವ ಮಾತು. ಅಂಥ ನನ್ನ ತಟ್ಟೆಯನ್ನು ನಮ್ಮ ಮಾವ ತಿಪ್ಪಯ್ಯ ಒಂದು ವಾರ ಹಾಗೇ ವಾಪಸ್ ಕಳಿಸಿದರು.

ಮಾವ ಕೊಂಡ್ಲಹಳ್ಳಿ ಕಡೆ ದೇವರಿಗೆ ಬಿಟ್ಟ ಎತ್ತುಗಳನ್ನು ಮೇಯಿಸುವ ಕಿಲಾರಿ. ನಲವತ್ತು ವರ್ಷ ಆ ಮಂದೆಯ ಹಿಂದೆ ತಿರುಗಿದವರು. ತೊಂಬತ್ತೇಳರ ಬೇಸಿಗೆಯಲ್ಲಿ ಜಾರಿ ಬಿದ್ದು ಕಾಲು ಮುರಿದಾಗ ನಮ್ಮ ಮನೆಗೆ ಕರೆತಂದೆವು. "ಹೊಟ್ಟೆಗೆ ಬಿದ್ದರೇನೇ ಮೂಳೆ ಕೂಡೋದು. ಹೀಗೇ ಬಿಟ್ಟರೆ ಜೀವ ಉಳಿಯಲ್ಲ" ಎಂದರು ಡಾಕ್ಟರು.

ಸಜ್ಜೆ ರೊಟ್ಟಿ ಮಾಡಿದೆ, ಮುದ್ದೆ ಮಾಡಿದೆ, ಹುರುಳಿ ಸಾರಿಗೆ ತುಪ್ಪ ಸುರಿದೆ. ಮಾವನದು ಒಂದೇ ಮಾತು, "ಹೊತ್ತಾಗಲಿ ತಾಯೀ." ಬಲವಂತಕ್ಕೆ ಎರಡು ತುತ್ತು ನುಂಗಿದರೆ ಅಲ್ಲೇ ವಾಂತಿ. ಎಂಟನೆಯ ದಿನ ನನ್ನ ಪಿತ್ತ ನೆತ್ತಿಗೇರಿತು.

"ಯಾವಾಗ ಮಾವಾ ನಿಮ್ಮ ಹೊತ್ತು ಆಗೋದು?"

"ಎತ್ತು ನೀರು ಕುಡಿದ ಮೇಲೆ ಕಣವ್ವಾ. ಅದಕ್ಕೆ ಮುಂಚೆ ಒಂದಿನಾನೂ ಉಂಡಿಲ್ಲ. ಹಟ ಅಲ್ಲ, ಹಸಿವೇ ಆಗ್ತಿಲ್ಲ."

ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. "ಹೊಟ್ಟೆಗೂ ರೂಢಿ ಇರುತ್ತಮ್ಮ. ಎತ್ತು ಕುಡಿದದ್ದು ಗೊತ್ತಾದರೇನೇ ಇವರ ಬಾಯಲ್ಲಿ ನೀರೂರೋದು" ಎಂದರು.

ಅಷ್ಟು ದೂರದ ಎತ್ತಿನ ಸುದ್ದಿ ಇಲ್ಲಿಗೆ ಬರುವುದು ಹೇಗೆ? ಪಕ್ಕದ ಮನೆ ಶಿವಬಸಮ್ಮನವರ ಫೋನ್ ನೆನಪಾಯಿತು. ಮಾವನ ಬದಲಿಗೆ ಮಂದೆ ಕಾಯುತ್ತಿದ್ದ ಚಿನ್ನಯ್ಯನಿಗೆ ಆ ನಂಬರು ಮುಟ್ಟಿಸಿದೆ. ಎತ್ತುಗಳಿಗೆ ನೀರು ಕುಡಿಸಿದ ಕೂಡಲೇ ಅವನು ಊರಿನ ಬೂತಿನಿಂದ ಫೋನ್ ಮಾಡಬೇಕು.

ಮಾರನೆಯ ದಿನ ಒಂದು ಗಂಟೆಗೆ ಫೋನ್ ರಿಂಗಾಯಿತು. ಶಿವಬಸಮ್ಮ ಕಾಂಪೌಂಡಿನಾಚೆಯಿಂದ ಕೂಗಿದರು: "ತಿಪ್ಪಯ್ಯನೋರೇ, ನೀರು ಕುಡಿದ್ವಂತ್ರೀ!"

ಮಾವ ಗುಟುಕ್ಕನೆ ಉಗುಳು ನುಂಗಿದರು. "ಬಡಿಸವ್ವಾ." ಅವತ್ತು ಎರಡು ಮುದ್ದೆ ಉಂಡರು. ನಾನು ಹಿತ್ತಲಿಗೆ ಹೋಗಿ ಸಂತೋಷಕ್ಕೆ ಅತ್ತೆ.

ಹದಿನೈದು ದಿನ ಹೀಗೇ ನಡೆಯಿತು. ಆಮೇಲೊಂದು ಭಾನುವಾರ ಫೋನ್ ಬರಲಿಲ್ಲ. ಎರಡಾಯಿತು, ಮೂರಾಯಿತು. ನನ್ನ ಗಂಡ ಜಯದೇವಪ್ಪ ಕಿವಿಯಲ್ಲಿ, "ಕುಡಿದ್ವಂತೆ ಅಂತ ಹೇಳಿಬಿಡೇ. ಅಪ್ಪನಿಗೇನು ಗೊತ್ತಾಗುತ್ತೆ?" ಎಂದ.

ಹೇಳಬಹುದಿತ್ತು. ಆದರೆ ಎತ್ತಿಗೆ ವಂಚನೆ ಮಾಡಿ ಒಂದು ತುತ್ತು ಉಣ್ಣದವರಿಗೆ ಸುಳ್ಳು ಹೇಳಿ ಬಡಿಸುವ ಹೆಂಗಸು ನಾನಲ್ಲ. ಪಾತ್ರೆ ಮುಚ್ಚಿ ಮಾವನ ಮಂಚದ ಪಕ್ಕ ಕುಳಿತೆ.

ನಾಲ್ಕಕ್ಕೆ ಫೋನ್ ರಿಂಗಾಯಿತು. ಮಧ್ಯಾಹ್ನವೆಲ್ಲ ಲೈನು ಕೆಟ್ಟಿತ್ತಂತೆ. ಶಿವಬಸಮ್ಮ ಬಾಯಿ ತೆರೆಯುವ ಮೊದಲೇ ನನ್ನ ಬಾಯಲ್ಲಿ ನೀರೂರಿತು. ಬೆಳಿಗ್ಗೆಯಿಂದ ನಾನು ಏನೂ ತಿಂದಿಲ್ಲ ಅನ್ನುವುದು ಆಗಲೇ ಹೊಳೆದದ್ದು.

ನಾನು ಉಗುಳು ನುಂಗಿದ್ದು ಮಾವನಿಗೆ ಕಂಡಿತು.

"ನೀನೂ ಉಂಡಿಲ್ವೇನವ್ವಾ?"

"ಹೊತ್ತಾಗಿರಲಿಲ್ಲ ಮಾವಾ."

ಮಾವ ಗೋಡೆ ಹಿಡಿದು ಎದ್ದು ಕುಳಿತರು. "ಇನ್ನೊಂದು ತಟ್ಟೆ ತಗೊಂಡು ಬಾ. ಇವತ್ತು ಇಬ್ಬರು ಕಿಲಾರಿಗಳು ಜೊತೆಗೆ ಉಣ್ಣಾನ" ಎಂದರು.

ನನ್ನ ಅಡುಗೆಯನ್ನು ಹೊಗಳಿದವರು ಊರು ತುಂಬ ಇದ್ದಾರೆ. ಆ ಹೊಗಳಿಕೆಯೆಲ್ಲ ಈ ಒಂದು ಮಾತಿನ ಮುಂದೆ ಸಪ್ಪೆ.