ನಡುನೀರಿನ ನಿಯಮ

ನಮ್ಮ ಸಂಸ್ಥೆ ಸರ್ಕಾರವಲ್ಲ. ಆಚೆ ದಡದಲ್ಲಿ, ಚೀನಾದ ಷಿಯಾಮೆನ್‌ನಲ್ಲಿರುವ ಅವರ ಸಂಸ್ಥೆಯೂ ಸರ್ಕಾರವಲ್ಲ. ತೈವಾನ್ ಮತ್ತು ಚೀನಾದ ಸರ್ಕಾರಗಳು ಒಂದನ್ನೊಂದು ಒಪ್ಪುವುದಿಲ್ಲವಾದ್ದರಿಂದ ಅವುಗಳ ಪರವಾಗಿ ನಾವು ಮಾತಾಡುತ್ತೇವೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ತೈವಾನ್ ಕಡೆಯ ಕಿನ್ಮೆನ್ ದ್ವೀಪದ ಕಚೇರಿಯಲ್ಲಿ ಕೊಟ್ಟ ಕೆಲಸವೆಂದರೆ, ಎರಡೂ ಕಡೆಯ ಕುರ್ಚಿಗಳ ಎತ್ತರ ಒಂದೇ ಇರುವಂತೆ ನೋಡಿಕೊಳ್ಳುವುದು.

ನಡುನೀರಿನ ನಿಯಮವೂ ನನ್ನದೇ. ದೋಣಿ ಕಡಲಿನ ನಡುವನ್ನು ದಾಟುವಾಗ ಯಾರೂ ತುಟಿ ಬಿಚ್ಚಬಾರದು. ಗಡಿ ದಾಟಿದೆವು ಎಂದು ನಾವು ಅಂದರೆ, ಗಡಿಯೇ ಇಲ್ಲ ಎಂದು ಅವರು ಸಭೆಯಿಂದ ಎದ್ದುಹೋಗುತ್ತಾರೆ. ಈ ಬುದ್ಧಿವಂತಿಕೆಗೆ ನಿರ್ದೇಶಕರು ಒಂದು ಡಬ್ಬಿ ಕಡಲೆಕಾಯಿ ಮಿಠಾಯಿ ಕೊಟ್ಟಿದ್ದರು. ಗಂಡ ಝೀಹೆಂಗ್ ಅರ್ಧ ಡಬ್ಬಿ ಖಾಲಿ ಮಾಡಿ, "ಸುಮ್ನಿರೋದಕ್ಕೂ ಬಹುಮಾನನಾ? ಹಂಗಾದ್ರೆ ಮನೇಲೂ ಟ್ರೈ ಮಾಡು" ಅಂದಿದ್ದ.

ಆಮೇಲೊಂದು ದಿನ ಮಂಜಿನಲ್ಲಿ ಅವನ ಮೀನುದೋಣಿ ಮಗುಚಿತು. ಸೆಳೆತ ಅವನ ದೇಹವನ್ನು ಆಚೆ ದಡಕ್ಕೆ ಒಯ್ಯಿತು. ಯಾರ ಅನುಮತಿಯನ್ನೂ ಕೇಳಲಿಲ್ಲ. ಅಲ್ಲಿಯೇ ದಹನವಾಯಿತು. ಬೂದಿ ತರಲು ಯಾರ ದೋಣಿ, ಯಾವ ಬಾವುಟ ಎಂದು ಎರಡೂ ಸಂಸ್ಥೆಗಳು ವಾರಗಟ್ಟಲೆ ಚರ್ಚಿಸಿ, ಬಾವುಟವೇ ಇಲ್ಲದ ದೋಣಿ ಎಂದು ತೀರ್ಮಾನಿಸಿದವು. ಆ ಸಭೆಗೂ ಕುರ್ಚಿ ಅಳೆದವಳು ನಾನೇ. ಎತ್ತರ ಸರಿಯಾಗಿತ್ತು.

ಬೂದಿ ತರಲು ನಾನು ಹೊರಡುವಾಗ ಅತ್ತೆ ಎಚ್ಚರಿಸಿದರು. ಸತ್ತವರನ್ನು ಸೇತುವೆಯನ್ನೋ ನೀರನ್ನೋ ಗಡಿಯನ್ನೋ ದಾಟಿಸುವಾಗ ಹೆಸರು ಹಿಡಿದು, ದಾಟುತ್ತಿದ್ದೇವೆಂದು ಗಟ್ಟಿಯಾಗಿ ಹೇಳಿ ಕರೆಯಬೇಕು. ಇಲ್ಲದಿದ್ದರೆ ಜೀವ ಅಲ್ಲೇ ನಿಂತುಬಿಡುತ್ತದೆ. "ಇಷ್ಟು ಓದಿದೀಯ, ಅಷ್ಟು ಕರೆಯೋಕಾಗಲ್ವಾ? ಅವನಿಗೆ ದಾರಿ ಗೊತ್ತಾಗಲ್ಲ ಕಣೆ."

ಮುಂದಿನ ಸಭೆಗೆ ನಮ್ಮ ದ್ವೀಪಕ್ಕೆ ಹೊರಟಿದ್ದ ಅವರ ಕಡೆಯ ಹಿರಿಯ, ಲಿಯೆನ್, ನಾನು ಬೂದಿಯೊಂದಿಗೆ ಮರಳುವ ದೋಣಿಯಲ್ಲೇ ನನ್ನೆದುರು ಕೂತರು. ನಾನು ಬಾಯಿ ತೆರೆದಾಗಲೆಲ್ಲ ಆಕ್ಷೇಪಣೆ ಎತ್ತುತ್ತಿದ್ದವರು. ಬೂದಿಯ ಜಾಡಿ ನನ್ನ ಮಡಿಲಲ್ಲಿತ್ತು. ಷಿಯಾಮೆನ್‌ನ ಕಟ್ಟಡಗಳು ಚಿಕ್ಕವಾಗುತ್ತ ಹೋದವು. ಕರೆಯಬೇಕು, ಎಲ್ಲಿ ಎಂದು ತಿಳಿಯಲಿಲ್ಲ. ನಿಯಮ ಬರೆದವಳಿಗೆ ನಡುನೀರು ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಈವರೆಗೆ ಎಲ್ಲರೂ ದಡದಿಂದ ದಡದವರೆಗೆ ಸುಮ್ಮನಿದ್ದು ಅದನ್ನು ಪಾಲಿಸಿದ್ದರು.

ಕೊನೆಗೆ ಅವರನ್ನೇ ಕೇಳಿದೆ. "ಸಾರ್, ನಡು ಎಲ್ಲಿ ಬರುತ್ತೆ?"

"ನಮ್ಮ ಪ್ರಕಾರ ಗೆರೆನೇ ಇಲ್ವಲ್ಲಮ್ಮ. ನಾನ್ಹೇಗೆ ತೋರಿಸ್ಲಿ?" ಎಂದರು, ಸಭೆಯ ಧ್ವನಿಯಲ್ಲೇ. ಆಮೇಲೆ ಜಾಡಿಯನ್ನು ನೋಡಿದರು. ಅವರ ಊರಿನಲ್ಲೂ ಇದೇ ಪದ್ಧತಿ. "ಗೊತ್ತಿಲ್ದಿದ್ರೆ ದಾರಿಯುದ್ದಕ್ಕೂ ಕರಿ, ತಂಗಿ. ಎಲ್ಲೋ ಒಂದ್ಕಡೆ ಸಿಕ್ಕೇ ಸಿಗುತ್ತೆ."

ನಿಯಮವಿದೆಯಲ್ಲ ಎಂದೆ.

"ಎಂಜಿನ್ ಸದ್ದು ಜಾಸ್ತಿ. ನಂಗೇನೂ ಕೇಳಿಸ್ತಿಲ್ಲ." ಅವರು ಮುಖ ಆಚೆ ತಿರುಗಿಸಿದರು.

"ಝೀಹೆಂಗ್, ನೀರು ದಾಟ್ತಿದೀವಿ. ಜೊತೆಗೇ ಬಾ."

ಮೊದಲ ಸಲ ಕರೆದದ್ದು ಸಭೆಯ ವಿಷಯಸೂಚಿ ಓದಿದ ಹಾಗಿತ್ತು. ಮತ್ತೆ ಕರೆದೆ. ಮತ್ತೆ. ಕಿನ್ಮೆನ್ ದಡ ಮುಟ್ಟುವಾಗ ಗಂಟಲು ಪೂರಾ ಬಿದ್ದುಹೋಗಿತ್ತು. ಕಟ್ಟೆಯ ಮೇಲೆ ಕಾದಿದ್ದ ಅತ್ತೆ, ಕರೆದೆಯಾ ಎಂದು ಕೇಳಿದರು. ನನಗೆ ಸ್ವರ ಹೊರಡಲಿಲ್ಲ. ಅತ್ತೆಯ ಮುಖ ಬಾಡಿತು.

ನಮ್ಮ ಕಡೆಯ ಒಂದು ವಿಷಯವನ್ನಾದರೂ ಲಿಯೆನ್ ಎಲ್ಲರೆದುರು ಒಪ್ಪಿದ್ದು ಅದೇ ಮೊದಲು. ಹಿಂದಿನಿಂದ ಅವರು ಅತ್ತೆಗೆ ಹೇಳಿದರು: "ಕರೆದ್ಳು, ತಾಯಿ. ಇಡೀ ದಾರಿ. ನನ್ನ ಕಿವಿ ಕಿತ್ತೋಗಿದೆ."